ಏಳದೆಯೇ ಗೆಲ್ಲುವ ದೈವ: ‘ಕಥುಲ್ಹು ವಾರ್ಸ್’ ಆಟದ ಸ್ಲೀಪರ್ ಬಣ

ಸ್ಯಾಂಡಿ ಪೀಟರ್ಸನ್ ರೂಪಿಸಿದ ‘ಕಥುಲ್ಹು ವಾರ್ಸ್’ ಬೋರ್ಡ್ ಗೇಮಿಗೆ ಬಂದ ಹೆಚ್ಚುವರಿ ಬಣಗಳಲ್ಲಿ ಹೊಸಬರು ಅತಿ ಹೆಚ್ಚು ತಪ್ಪಾಗಿ ಆಡುವುದು ಸ್ಲೀಪರ್ ಅನ್ನೇ. ಬಣದ ಒಡೆಯ ತ್ಸಾಥೋಗ್ವಾ. ಅಮೆರಿಕದ ಲೇಖಕ ಕ್ಲಾರ್ಕ್ ಆಷ್ಟನ್ ಸ್ಮಿತ್ 1930ರ ದಶಕದ ಕಥೆಗಳಲ್ಲಿ ಕೂರಿಸಿದ ಈ ಕಪ್ಪೆಮೋರೆಯ ಡೊಳ್ಳುಹೊಟ್ಟೆ ದೈವ ಹಸಿದರೂ ಕೂತ ಜಾಗ ಬಿಟ್ಟು ಏಳುವುದಿಲ್ಲ, ಬಲಿ ತಾನಾಗಿ ಬರಲಿ ಎಂದು ಕಾಯುತ್ತದೆ. ಹೊಟ್ಟೆ ತುಂಬಿದ್ದರೆ ಬಂದ ಬಲಿಯನ್ನು ಇನ್ನೊಂದು ದೈವದ ಬಳಿಗೆ ಸಾಗಹಾಕುತ್ತದೆ. ಈ ಸೋಮಾರಿತನ ಬರೀ ಬಣ್ಣನೆಯಾಗಿ ಉಳಿಯದೆ ನಿಯಮವೇ ಆಗಿರುವುದು ಈ ಪೆಟ್ಟಿಗೆಯ ಹೆಚ್ಚುಗಾರಿಕೆ.

ಮೂಲ ಆಟದಲ್ಲಿ ಎಲ್ಲವೂ ಪವರ್ ಮೇಲೆ, ಅಂದರೆ ಸುತ್ತು ಸುತ್ತಿಗೂ ಸಿಕ್ಕಿ ಕ್ರಿಯೆಗಳಿಗೆ ಖರ್ಚಾಗುವ ಅಂಕಗಳ ಮೇಲೆ ನಿಂತಿದೆ. ಗೇಟ್ (ಪವರ್ ತಂದುಕೊಡುವ ದ್ವಾರ) ಕಟ್ಟಲು 3, ಕಾಳಗ ಸಾರಲು 1. ಸರದಿಗೆ ಒಂದು ಕ್ರಿಯೆ, ಪವರ್ ಮುಗಿದವರು ಕೈಕಟ್ಟಿ ಕೂರಬೇಕು. ಹಾಗಾಗಿ ಕೊನೆಯವರೆಗೆ ಪವರ್ ಉಳಿಸಿಕೊಂಡವರಿಗೆ ತಡೆಯುವವರಿಲ್ಲದ ಮೈದಾನ. ಆದರೆ ಸಾಮಾನ್ಯ ಬಣಕ್ಕೆ ಉಳಿಸುವ ದಾರಿಯೇ ಇಲ್ಲ, ಏಕೆಂದರೆ ಪಾಸ್ ಎಂದರೆ ಉಳಿದ ಪವರ್ ಅಷ್ಟೂ ಹೋಯಿತು. ಸ್ಲೀಪರ್‌ನ ‘ಲೆಥಾರ್ಜಿ’ ಸ್ಪೆಲ್‌ಬುಕ್ (ಆಡುತ್ತಾ ಗಳಿಸುವ ವಿಶೇಷ ಸಾಮರ್ಥ್ಯ) ಇಲ್ಲಿ ಕೆಲಸಕ್ಕೆ ಬರುತ್ತದೆ: ತ್ಸಾಥೋಗ್ವಾ ಬೋರ್ಡಿನ ಮೇಲಿದ್ದರೆ 0 ಪವರ್‌ಗೆ ಏನೂ ಮಾಡದಿರುವುದೇ ಒಂದು ಕ್ರಿಯೆ. ಉಳಿದವರು ಖರ್ಚು ಮಾಡಿ ಬರಿಗೈಯಾಗುವವರೆಗೆ ಸುಮ್ಮನಿದ್ದು, ಆಮೇಲೆ ಸಾಲಾಗಿ ನಾಲ್ಕೈದು ಕ್ರಿಯೆ ಮಾಡಬಹುದು.

ಎಡವುವುದೂ ಇಲ್ಲೇ. ತ್ಸಾಥೋಗ್ವಾನ ಕಾಳಗದ ಬಲ ಎದುರಾಳಿಯ ಕೈಯಲ್ಲಿರುವ ಪವರ್‌ನಷ್ಟು, ಕಡಿಮೆಯೆಂದರೆ 2. ಸುತ್ತಿನ ಆರಂಭದಲ್ಲಿ 12 ಪವರ್ ಇಟ್ಟುಕೊಂಡವನ ಮೇಲೆ ಬಿದ್ದರೆ 12 ದಾಳ. ಅದೇ ಎದುರಾಳಿ ಬರಿಗೈಯಾಗುವವರೆಗೆ ಕಾದರೆ ಎರಡೇ ದಾಳ. ಕಾದು ಕಾದು ಕೊನೆಗೆ ದೈವವನ್ನೇ ಮುಂದೆ ನೂಕುವವರು ಕೈ ಸುಟ್ಟುಕೊಳ್ಳುತ್ತಾರೆ. ದೈವದಿಂದ ಹೊಡೆಸುವುದಿದ್ದರೆ ಸುತ್ತಿನ ಮೊದಲಲ್ಲೇ, ಪವರ್ ಕೂಡಿಟ್ಟವನ ಮೇಲೆ. ತಡವಾದ ದಾಳಿಗೆ ಈ ಬಣದ ‘ಫಾರ್ಮ್‌ಲೆಸ್ ಸ್ಪಾನ್’ ರಾಕ್ಷಸಗಳು ಬೇಕು. ಇವುಗಳ ಬಲ ಎದುರಾಳಿಯನ್ನು ನೋಡುವುದಿಲ್ಲ, ಬೋರ್ಡಿನ ಮೇಲೆ ಇವು ಹೆಚ್ಚಿದಷ್ಟೂ ಏರುತ್ತದೆ. ಒಂದೇ ಒಂದನ್ನು ಕರೆದು ನಿಲ್ಲಿಸುವುದು ದಂಡ.

‘ಡಿಮ್ಯಾಂಡ್ ಸ್ಯಾಕ್ರಿಫೈಸ್’ ಸ್ಪೆಲ್‌ಬುಕ್ ಈ ಬಣದ ಚೌಕಾಸಿ. ಕಾಳಗಕ್ಕೆ ಮುನ್ನ ಎದುರಾಳಿ ಎರಡರಲ್ಲಿ ಒಂದನ್ನು ಆರಿಸಬೇಕು: ನಿಮಗೆ ಒಂದು ಎಲ್ಡರ್ ಸೈನ್ (ಅಂಕ ತರುವ ಬಿಲ್ಲೆ) ದಕ್ಕಲು ಬಿಡುವುದು, ಇಲ್ಲವೇ ತನ್ನ ದಾಳದಲ್ಲಿ ಬಿದ್ದ ಕೊಲೆಗಳೆಲ್ಲ (6 ಬಿದ್ದರೆ ಕೊಲೆ) ಬರೀ ನೋವಾಗಿ (4, 5 ಬಿದ್ದರೆ ನೋವು: ಗೊಂಬೆ ಸಾಯದೆ ಹಿಮ್ಮೆಟ್ಟುತ್ತದೆ) ಎಣಿಕೆಯಾಗಲು ಒಪ್ಪುವುದು. ದೈವ ಆ ಕಾಳಗದಲ್ಲೇ ಇರಬೇಕೆಂದಿಲ್ಲ, ಬೋರ್ಡಿನ ಮೇಲಿದ್ದರೆ ಸಾಕು. ಇದನ್ನು ಮರೆತು ಆಡುವವರೇ ಜಾಸ್ತಿ. ಸೈನ್ ಆಸೆಗೆ ಒಬ್ಬ ‘ವಿಝರ್ಡ್’ನನ್ನು ದೊಡ್ಡ ಪಡೆಯ ಮುಂದೆ ಬಿಟ್ಟರೆ ಏನೂ ಸಿಗದು. ಅಗ್ಗದ ಗೊಂಬೆಯನ್ನು ಕೊಲ್ಲದೆ ಓಡಿಸಿದರೂ ಎದುರಾಳಿಗೆ ನಷ್ಟವಿಲ್ಲ, ಅವನು ನೋವನ್ನೇ ಆರಿಸುತ್ತಾನೆ. ಪಣಕ್ಕಿಟ್ಟ ಪಡೆ ಕೊಲ್ಲಲು ಆಸೆ ಹುಟ್ಟಿಸುವಷ್ಟು ಬೆಲೆಬಾಳಬೇಕು, ಎದುರಾಳಿಯ ದಾಳಗಳೂ ಹೆಚ್ಚಿರಬೇಕು. ಆಗ ಮಾತ್ರ ಸೈನ್ ಬಿಟ್ಟುಕೊಟ್ಟಾನು. ಒಂದು ಸೈನ್ 1ರಿಂದ 3 ಡೂಮ್ (ಗೆಲುವಿನ ಅಂಕ) ತೂಗುತ್ತದೆ. ಗೆಲುವಿನ ಗೆರೆ 30 ಇರುವಾಗ ಒಂದು ಪವರ್ ಖರ್ಚಿನ ಕಾಳಗಕ್ಕೆ ಇದು ಒಳ್ಳೆಯ ವ್ಯಾಪಾರ.

‘ಏನ್ಶಿಯಂಟ್ ಸಾರ್ಸರಿ’ ಸ್ಪೆಲ್‌ಬುಕ್ ಈ ಬಣದ ಸರ್ಪಮಾನವನ ಗೊಂಬೆಯನ್ನು ಎದುರಾಳಿಯ ಬಣದ ಹಾಳೆಗೆ ಕಳಿಸಿ ಅವರ ವಿಶೇಷ ಶಕ್ತಿಯನ್ನು ಎರವಲು ತರುತ್ತದೆ. ಮಜಾ ಇದೆ, ಆದರೆ ಉಳಿದ ಬಣಗಳನ್ನು ಅರೆದು ಕುಡಿದವರಿಗೆ ಮಾತ್ರ ಲಾಭ. ‘ಬರೋ’ ಚೊಕ್ಕದಾಗಿದೆ: ಒಂದೇ ಕ್ರಿಯೆಯಲ್ಲಿ ಎರಡು ಅಥವಾ ಹೆಚ್ಚು ಗೊಂಬೆ ಸರಿಸಿದರೆ 1 ಪವರ್ ವಾಪಸ್.

ದೌರ್ಬಲ್ಯಗಳೂ ಇವೆ. ಮೊದಲ ಸುತ್ತುಗಳು ಭಾರ. ಕೆಲವು ಸ್ಪೆಲ್‌ಬುಕ್ ಗಳಿಸಲು ಪವರ್ ಚೆಲ್ಲಬೇಕು, ದೈವವನ್ನು ಎಬ್ಬಿಸಲು (ಬೋರ್ಡಿಗೆ ತರಲು) ಇನ್ನೂ 8. ಎಬ್ಬಿಸಿದ ಮೇಲೆ ಅದು ಸತ್ತರೆ ಲೆಥಾರ್ಜಿಯೂ ಬಲಿ ಕೇಳುವ ಹಕ್ಕೂ ಒಟ್ಟಿಗೆ ಹೋಗುತ್ತವೆ, ಮತ್ತೆ 8 ಸುರಿಯುವವರೆಗೆ ನೀವು ಬಡಬಣ. ಇಬ್ಬರೇ ಆಡುವಾಗ ಕಾಯುವ ತಂತ್ರ ಸಪ್ಪೆ, ನಾಲ್ವರಿದ್ದರೆ ರಂಗೇರುತ್ತದೆ.

ಎದುರು ಕೂತವರಿಗೂ ಒಂದು ಮಾತು. ಸ್ಲೀಪರ್ ಸುಮ್ಮನಿದೆ ಎಂದು ನೀವು ನಿಮ್ಮ ನಿಮ್ಮಲ್ಲೇ ಬಡಿದಾಡಿ ಪವರ್ ಸುರಿದರೆ ಅದಕ್ಕೆ ಊಟ ಬಡಿಸಿದಂತೆ. ಅದರ ಗೇಟ್ ಕಾಯುವ ಕಲ್ಟಿಸ್ಟ್‌ಗಳನ್ನು (ಭಕ್ತರ ಗೊಂಬೆಗಳನ್ನು) ಹಿಡಿಯಲು ಹೋಗಿ. ಗೇಟ್ ಉಳಿಸಿಕೊಳ್ಳಬೇಕೆಂದರೆ ದೈವ ಕೂತಲ್ಲಿಂದ ಏಳಲೇಬೇಕು, ಪವರ್ ಬಿಚ್ಚಲೇಬೇಕು.