ಸಾಂಬ್ರಾ ವಿಮಾನ ನಿಲ್ದಾಣ: ಕಟ್ಟಡಕ್ಕಿಂತ ಮೊದಲು ವೇಳಾಪಟ್ಟಿ

ಬೆಳಗಾವಿಯ ಆಟೊ ಚಾಲಕರಿಗೆ ‘ವಿಮಾನ ನಿಲ್ದಾಣ’ ಎಂದು ಬಿಡಿಸಿ ಹೇಳಬೇಕಾಗಿಲ್ಲ, ‘ಸಾಂಬ್ರಾ’ ಎಂದರೆ ಸಾಕು. ನಗರದಿಂದ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಈ ಹಳ್ಳಿಯ ಹೆಸರೇ ಎಂಟು ದಶಕಗಳಿಂದ ನಿಲ್ದಾಣದ ಹೆಸರೂ ಆಗಿ ಉಳಿದಿದೆ. ಇದಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿಡಬೇಕೆಂದು ರಾಜ್ಯದ ವಿಧಾನಸಭೆ 2023ರ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಕುಳಿತು ನಿರ್ಣಯ ಮಾಡಿತು. ಬ್ಯಾಗಿಗೆ ಅಂಟಿಸುವ ಚೀಟಿಯ ಮೇಲೆ ಮಾತ್ರ ಹಳೆಯ ‘ಬೆಲ್‌ಗಾಮ್’ ಇನ್ನೂ ಬದುಕಿದೆ: ನಿಲ್ದಾಣದ ಮೂರಕ್ಷರದ ಸಂಕೇತ ಐಎಕ್ಸ್‌ಜಿ, ಅದರ ಕೊನೆಯ ‘ಜಿ’ ಆ ಹೆಸರಿನ ನಡುವಿನಿಂದ ಬಂದದ್ದು. ಹಲವು ವರ್ಷಗಳಿಂದ ಇಲ್ಲಿ ಹತ್ತಿ ಇಳಿದ ಪ್ರಯಾಣಿಕನಾಗಿ, ಸಾಂಬ್ರಾದಿಂದ ಹೊರಡಬೇಕೋ, ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ವಿಮಾನ ಹಿಡಿಯಬೇಕೋ ಎಂದು ಯೋಚಿಸುವವರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ನಿಲ್ದಾಣವನ್ನು ಅರ್ಥ ಮಾಡಿಕೊಳ್ಳಲು ಅದು ಯಾರಿಗಾಗಿ ಹುಟ್ಟಿತು ಎಂಬುದನ್ನು ತಿಳಿಯಬೇಕು. ಬೆಳಗಾವಿ 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋನ ಸೈನ್ಯ ಕೋಟೆಯನ್ನು ಹಿಡಿದ ಮೇಲೆ ದಂಡಿನ ಊರಾಗಿ ಬೆಳೆಯಿತು. ‘ಕ್ಯಾಂಪ್’ ಎಂಬ ಹೆಸರು ಇಂದಿಗೂ ನಗರದ ಒಂದು ಭಾಗಕ್ಕೆ ಅಂಟಿಕೊಂಡಿದೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಾಂಬ್ರಾದ ಸಮತಟ್ಟು ನೆಲದಲ್ಲಿ ವಿಮಾನ ಇಳಿದಾಣವನ್ನು ಕಟ್ಟಿತು. ಬರ್ಮಾದಲ್ಲಿ ಜಪಾನಿನ ವಿರುದ್ಧ ಹೋರಾಡುತ್ತಿದ್ದ ಪಡೆಗಳಿಗೆ ಒತ್ತಾಸೆಯಾಗಿ ನಡೆಯಬೇಕಿದ್ದ ತರಬೇತಿಗೆ ಅದು ಬಳಕೆಯಾಯಿತು. ಉತ್ತರ ಕರ್ನಾಟಕದ ಅತ್ಯಂತ ಹಳೆಯ ವಿಮಾನ ನಿಲ್ದಾಣವೆಂಬ ಹೆಸರು ಸಾಂಬ್ರಾಕ್ಕೆ ಬಂದದ್ದು ಹೀಗೆ. ಊರಿನ ವ್ಯಾಪಾರಿಯೋ ವಿದ್ಯಾರ್ಥಿಯೋ ಏರಲೆಂದು ಯಾರೂ ಆ ರನ್‌ವೇಯನ್ನು ಹಾಸಿರಲಿಲ್ಲ.

ಸ್ವಾತಂತ್ರ್ಯದ ನಂತರವೂ ಸಾಂಬ್ರಾದ ಹೆಸರು ದೇಶದ ಇತಿಹಾಸದಲ್ಲಿ ಕೇಳಿಬಂದದ್ದು ಯುದ್ಧದ ಸಂದರ್ಭದಲ್ಲಿಯೇ. 1961ರ ಡಿಸೆಂಬರಿನಲ್ಲಿ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆಗೆ ಮೇಜರ್ ಜನರಲ್ ಕ್ಯಾಂಡೆತ್ ಅವರ ನೇತೃತ್ವದ 17ನೆಯ ಪದಾತಿ ಡಿವಿಷನ್ ಬೆಳಗಾವಿಯ ಸುತ್ತ ನೆರೆದಿತ್ತು. ವಾಯುದಾಳಿಗೆ ಪುಣೆ ಮತ್ತು ಸಾಂಬ್ರಾ ನೆಲೆಗಳಾದವು. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹೊರಟ ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇಯ ಮೇಲೆ ಬಾಂಬು ಹಾಕಿದರೆ, ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದು ಗೋವಾದ ಹೊರಸಂಪರ್ಕವನ್ನೇ ಕಡಿದವು. ಮರುದಿನ ಸಂಜೆಗೆ ಪೋರ್ಚುಗೀಸ್ ಗವರ್ನರ್ ಶರಣಾದರು. ಇಂದು ಗೋವಾದ ದಾಬೋಳಿ ಮತ್ತು ಮೋಪಾ ನಿಲ್ದಾಣಗಳು ಬೆಳಗಾವಿಯ ಪ್ರಯಾಣಿಕರನ್ನು ಚೋರ್ಲಾ ಘಾಟಿನ ಆಚೆಗೆ ಸೆಳೆದುಕೊಳ್ಳುತ್ತಿರುವುದನ್ನು ನೋಡಿದಾಗ, ಅದೇ ದಾಬೋಳಿಯನ್ನು ಸ್ತಬ್ಧಗೊಳಿಸಿದ ಕಾರ್ಯಾಚರಣೆಯಲ್ಲಿ ಸಾಂಬ್ರಾಕ್ಕೂ ಪಾಲಿತ್ತೆಂಬ ನೆನಪು ಮುಗುಳ್ನಗೆ ತರಿಸುತ್ತದೆ.

ವಾಯುಪಡೆ ಇಲ್ಲಿಂದ ಹೋಗಲಿಲ್ಲ. ಸಾಂಬ್ರಾದ ಏರ್‌ಮನ್ ತರಬೇತಿ ಶಾಲೆಯಲ್ಲಿ ತಲೆಮಾರುಗಳ ವಾಯುಯೋಧರು ಕವಾಯತು ಕಲಿತಿದ್ದಾರೆ. ಅಗ್ನಿವೀರ್‌ವಾಯು ಯೋಜನೆಯ ಮೊದಲ ಮಹಿಳಾ ತಂಡ 2023ರ ಕೊನೆಯಲ್ಲಿ ತರಬೇತಿ ಮುಗಿಸಿ ಹೊರಬಂದದ್ದೂ ಇಲ್ಲಿಂದಲೇ. ಹೀಗಾಗಿ ಪ್ರಯಾಣಿಕರು ಎಲ್ಲೆಂದರಲ್ಲಿ ಮೊಬೈಲ್ ತೆಗೆದು ಚಿತ್ರ ಕ್ಲಿಕ್ಕಿಸುವ ಮೊದಲು ಅಲ್ಲಿಯ ಫಲಕಗಳನ್ನು ಒಮ್ಮೆ ಓದುವುದು ಒಳ್ಳೆಯದು.

ಈಗ ನಾವು ಬಳಸುವ ಟರ್ಮಿನಲ್ ಕಟ್ಟಡವನ್ನು ಅಂದಿನ ಕೇಂದ್ರ ನಾಗರಿಕ ವಿಮಾನಯಾನ ಸಚಿವ ಅಶೋಕ್ ಗಜಪತಿ ರಾಜು ಅವರು 2017ರ ಸೆಪ್ಟೆಂಬರ್ 14ರಂದು ಉದ್ಘಾಟಿಸಿದರು. ಆ ದಿನ ಎಲ್ಲರ ಕಣ್ಣು ಹೊಸ ಕಟ್ಟಡದ ಮೇಲಿತ್ತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಹೊರಗೆ, ನೆಲದ ಮೇಲೆ ನಡೆದಿತ್ತು. ರಾಜ್ಯ ಸರ್ಕಾರ ಒದಗಿಸಿದ 370 ಎಕರೆ ಜಮೀನಿನಿಂದಾಗಿ 1,830 ಮೀಟರ್ ಇದ್ದ ರನ್‌ವೇಯನ್ನು 2,300 ಮೀಟರಿಗೆ ವಿಸ್ತರಿಸಲು ಸಾಧ್ಯವಾಯಿತು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ, ಬಿಸಿಲು ಏರಿದಷ್ಟೂ ಗಾಳಿ ತೆಳುವಾಗಿ, ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಹಳೆಯ ಉದ್ದ ಎಟಿಆರ್‌ನಂಥ ಫ್ಯಾನಿನ ವಿಮಾನಗಳಿಗೆ ಸಾಕಾಗುತ್ತಿತ್ತು. ತುಂಬಿದ ಏರ್‌ಬಸ್ 320ರಂಥ ಜೆಟ್ ವಿಮಾನವನ್ನು ನಿತ್ಯ ನಡೆಸಬೇಕಾದರೆ ಹೊಸ ಉದ್ದವೇ ಬೇಕು. ಮೈಸೂರಿನ ಮಂಡಕಳ್ಳಿಯ 1,740 ಮೀಟರ್ ರನ್‌ವೇ ಒಂದು ಕಡೆ ನಂಜನಗೂಡು ಹೆದ್ದಾರಿಗೆ ಅಡ್ಡಬಿದ್ದು, ಬೆಳೆಯಲಾರದೆ ವರ್ಷಗಟ್ಟಲೆ ಚರ್ಚೆಯ ವಸ್ತುವಾಗಿದೆ. ಆ ಕಷ್ಟದಿಂದ ಸಾಂಬ್ರಾ ಪಾರಾಗಿದೆ, ಮತ್ತು ಅದಕ್ಕೆ ಜಮೀನು ಬಿಟ್ಟುಕೊಟ್ಟ ಸುತ್ತಲ ಹಳ್ಳಿಗಳ ರೈತರನ್ನು ಇಲ್ಲಿ ಇಳಿಯುವ ಯಾರೂ ನೆನೆಯುವುದಿಲ್ಲ.

ಕಟ್ಟಡದ ವಿಸ್ತೀರ್ಣ 3,600 ಚದರ ಮೀಟರ್, ದಟ್ಟಣೆಯ ಒಂದು ಗಂಟೆಯಲ್ಲಿ ಬಂದುಹೋಗುವ 300 ಜನರನ್ನು ಸಂಭಾಳಿಸುವ ಲೆಕ್ಕದಲ್ಲಿ ಕಟ್ಟಿದ್ದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಬಾಗಿಲಿನಿಂದ ವಿಮಾನದವರೆಗೆ ನಡೆಯುವಷ್ಟರಲ್ಲಿ ವಯಸ್ಸಾದವರಿಗೆ ಏದುಸಿರು ಬರುತ್ತದೆ; ಇಲ್ಲಿ ಬಾಗಿಲು, ಚೆಕ್-ಇನ್ ಕೌಂಟರ್, ಭದ್ರತಾ ತಪಾಸಣೆ, ಕಾಯುವ ಹಾಲ್ ಎಲ್ಲವೂ ಒಂದರ ಮಗ್ಗುಲಿಗೆ ಒಂದಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಂಗಾಲಾಗುವ ಸಂದರ್ಭವೇ ಬರುವುದಿಲ್ಲ. ಮೊದಲ ಬಾರಿ ವಿಮಾನ ಏರುವ ತಂದೆ-ತಾಯಿಯನ್ನು ಒಂಟಿಯಾಗಿ ಕಳಿಸಬೇಕಾದರೆ ನಾನು ಧೈರ್ಯವಾಗಿ ಕಳಿಸುವುದು ಇಂಥ ನಿಲ್ದಾಣದಿಂದಲೇ. ಹಾಲ್‌ನಿಂದ ಹೊರಬಂದು ಬಯಲಿನಲ್ಲಿ ನಡೆದೇ ವಿಮಾನದ ಮೆಟ್ಟಿಲು ಹತ್ತುತ್ತೇವೆ. ಚಳಿಗಾಲದ ಮುಂಜಾವಿನಲ್ಲಿ ಆ ನಡಿಗೆ ಹಿತವಾಗಿರುತ್ತದೆ, ಜುಲೈ ತಿಂಗಳ ಬೀಸುಮಳೆಯಲ್ಲಿ ಛತ್ರಿ ಹಿಡಿದರೂ ಮೊಣಕಾಲ ಕೆಳಗೆ ನೆನೆಯುವುದು ತಪ್ಪುವುದಿಲ್ಲ. ಬಂದಿಳಿದವರಿಗಂತೂ ಇನ್ನೂ ಸುಲಭ. ಬ್ಯಾಗು ಹೆಚ್ಚು ಕಾಯಿಸದೆ ಕೈಸೇರುತ್ತದೆ, ಅದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಹೊರಗೆ ಕಾಯುತ್ತಿರುವ ಮನೆಯವರ ಮುಖ ಕಾಣುತ್ತದೆ.

ತಿನ್ನುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಾಫಿ, ಚಹಾ, ಕುರುಕಲು ತಿಂಡಿಗೆ ತೊಂದರೆಯಿಲ್ಲ; ಊಟಕ್ಕೆ ನಿಲ್ದಾಣವನ್ನು ನಂಬಿ ಬರಬಾರದು. ಕುಂದಾ, ಕರದಂಟು ಒಯ್ಯುವವರು ಊರಿನಲ್ಲಿಯೇ ತಮ್ಮ ಮೆಚ್ಚಿನ ಅಂಗಡಿಯಿಂದ ಕಟ್ಟಿಸಿಕೊಂಡು ಬರುವುದು ರುಚಿಗೂ ಜೇಬಿಗೂ ಕ್ಷೇಮ.

ಕಟ್ಟಡದ ಕುರಿತು ಇಷ್ಟು ಸಾಕು. ಸಣ್ಣ ವಿಮಾನ ನಿಲ್ದಾಣದ ಗುಣದೋಷಗಳನ್ನು ಗೋಡೆ, ನೆಲಹಾಸು, ಕುರ್ಚಿಗಳನ್ನು ನೋಡಿ ಅಳೆಯುವುದು ತಪ್ಪೆಂದು ನನಗೆ ಮನವರಿಕೆಯಾದದ್ದು 2018ರಲ್ಲಿ. ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಗರವನ್ನು ಬೆಂಗಳೂರು ಮುಂತಾದ ಊರುಗಳಿಗೆ ಜೋಡಿಸಿದ್ದ ಸ್ಪೈಸ್‌ಜೆಟ್ ತನ್ನ ಸೇವೆಯನ್ನು ಇಲ್ಲಿಂದ ಹುಬ್ಬಳ್ಳಿಗೆ ಸಾಗಿಸಿತು. ಕಾರಣ ಸರಳವಾಗಿತ್ತು. ಕೇಂದ್ರದ ‘ಉಡಾನ್’ ಯೋಜನೆಯ ಪಟ್ಟಿಯಲ್ಲಿ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. ಕಟ್ಟಡ ಹೊಸದಾಗಿ ಹೊಳೆಯುತ್ತಿತ್ತು, ಹಾರುವ ವಿಮಾನಗಳು ಮಾತ್ರ ಬೆರಳೆಣಿಕೆಗೆ ಇಳಿದಿದ್ದವು.

ಉಡಾನ್‌ನ ಲೆಕ್ಕಾಚಾರ ಗೊತ್ತಿಲ್ಲದೆ ಸಾಂಬ್ರಾದ ಏಳುಬೀಳು ಅರ್ಥವಾಗುವುದಿಲ್ಲ. 2016ರಲ್ಲಿ ಘೋಷಣೆಯಾಗಿ, 2017ರ ಏಪ್ರಿಲಿನಲ್ಲಿ ಶಿಮ್ಲಾ-ದೆಹಲಿ ನಡುವೆ ಮೊದಲ ಹಾರಾಟ ಕಂಡ ಈ ಯೋಜನೆಯಲ್ಲಿ, ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿಯ (ಇದು ಆರಂಭದ ದರ) ಮಿತಿ ಹಾಕಿ ವಿಮಾನದ ಒಂದಷ್ಟು ಆಸನಗಳನ್ನು ಆ ದರಕ್ಕೆ ಮೀಸಲಿಡಬೇಕು. ಅದರಿಂದ ಕಂಪನಿಗೆ ಆಗುವ ಕೊರತೆಯನ್ನು ಕೇಂದ್ರ ಮತ್ತು ರಾಜ್ಯಗಳು ಸೇರಿ ತುಂಬಿಕೊಡುತ್ತವೆ. ಇಂಧನದ ಮೇಲಿನ ರಾಜ್ಯದ ತೆರಿಗೆ ಶೇಕಡಾ 1ಕ್ಕೆ ಇಳಿಯುತ್ತದೆ, ನಿಲ್ದಾಣದಲ್ಲಿ ಇಳಿಯುವ ಮತ್ತು ನಿಲ್ಲುವ ಶುಲ್ಕವಿರುವುದಿಲ್ಲ, ಬಿಡ್ಡಿನಲ್ಲಿ ಗೆದ್ದ ಮಾರ್ಗದಲ್ಲಿ ಮೂರು ವರ್ಷ ಬೇರೆ ಕಂಪನಿಯ ಸ್ಪರ್ಧೆಯೂ ಇರುವುದಿಲ್ಲ. ಇಷ್ಟೆಲ್ಲ ಅನುಕೂಲ 100 ಕಿಲೋಮೀಟರ್ ಆಚೆಗಿನ ಹುಬ್ಬಳ್ಳಿಯಲ್ಲಿ ಸಿಗುವಾಗ ಬೆಳಗಾವಿಯಲ್ಲಿ ಉಳಿಯುವಂತೆ ಕಂಪನಿಯನ್ನು ಕೇಳುವುದು, ಸಂತೆಯಲ್ಲಿ ಸುಂಕವಿಲ್ಲದ ಕಟ್ಟೆಯನ್ನು ಬಿಟ್ಟು ಸುಂಕದ ಕಟ್ಟೆಯಲ್ಲಿ ಕೂರು ಎಂದು ಹೇಳಿದ ಹಾಗೆ.

ಊರಿನವರ ಒತ್ತಾಯದ ನಂತರ ಬೆಳಗಾವಿ ಉಡಾನ್‌ನ ಮೂರನೆಯ ಸುತ್ತಿನಲ್ಲಿ ಸೇರಿತು. ಆಗ ನಿಲ್ದಾಣದ ಚಹರೆಯೇ ಬದಲಾಯಿತು. ಅದಕ್ಕೆ ಮುಖ್ಯ ಕಾರಣ 2019ರ ಜನವರಿಯಲ್ಲಿ ಹಾರಾಟ ಆರಂಭಿಸಿದ, ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್. ಅಹಮದಾಬಾದ್, ಇಂದೋರ್, ಸೂರತ್, ಕಿಶನ್‌ಗಢ, ಜೋಧಪುರ, ನಾಗಪುರ, ತಿರುಪತಿ ಮುಂತಾದ ಊರುಗಳಿಗೆ ಬೇರೆ ಬೇರೆ ಅವಧಿಗಳಲ್ಲಿ ಬೆಳಗಾವಿಯಿಂದ ನೇರ ವಿಮಾನ ದೊರೆಯುವಂತಾಯಿತು. ನಮ್ಮ ಊರಿಗೂ ಸೂರತ್ತಿಗೂ ಇರುವ ಬಟ್ಟೆಯ ನಂಟು, ಕಿಶನ್‌ಗಢಕ್ಕೂ ಇಲ್ಲಿಯ ಮಾರ್ಬಲ್ ಅಂಗಡಿಗಳಿಗೂ ಇರುವ ನಂಟು ಗೊತ್ತಿದ್ದವರಿಗೆ ಈ ಪಟ್ಟಿ ಆಶ್ಚರ್ಯ ತರಲಾರದು. ಅವರ 50 ಆಸನಗಳ ಎಂಬ್ರೇಯರ್ 145 ವಿಮಾನದಲ್ಲಿ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದೇ ಆಸನ. ಆ ಒಂಟಿ ಸಾಲು ಸಿಕ್ಕಿದರೆ ಕಿಟಕಿಯೂ ನಿಮ್ಮದೇ, ಹಾದಿಯೂ ನಿಮ್ಮದೇ. ನಂತರ ಬಂದ 76 ಆಸನಗಳ ಎಂಬ್ರೇಯರ್ 175ರಲ್ಲೂ ನಡುವಿನ ಆಸನದ ಹಿಂಸೆ ಇಲ್ಲ. 2023ರ ಅಕ್ಟೋಬರಿನಲ್ಲಿ ಇಂಡಿಗೋ ದೆಹಲಿಗೆ ನೇರ ಸೇವೆ ಆರಂಭಿಸಿದಾಗ, ವಿಸ್ತರಿಸಿದ ರನ್‌ವೇಗೆ ತಕ್ಕ ಕೆಲಸ ಸಿಕ್ಕಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಆದರೆ ಸಬ್ಸಿಡಿಯ ಮೂರು ವರ್ಷ ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ವಿಮಾನ ಬೇರೆಡೆಗೆ ಹೋಗುತ್ತದೆ. ಸಾಂಬ್ರಾದ ಮಾರ್ಗಗಳ ಪಟ್ಟಿ ಹಿಗ್ಗುತ್ತ ಕುಗ್ಗುತ್ತ ಬಂದಿರುವುದಕ್ಕೆ ಇದೇ ಕಾರಣ. 3,200 ಮೀಟರಿನ ಭವ್ಯ ರನ್‌ವೇ ಹೊತ್ತು 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ನಿಲ್ದಾಣದಲ್ಲಿಯೂ ದಿನದ ಹಾರಾಟಗಳನ್ನು ಬೆರಳು ಮಡಿಸಿಯೇ ಎಣಿಸಬೇಕಾಗಿದೆ. ಅಂದರೆ ರನ್‌ವೇಯ ಉದ್ದ ಬೇಕೇ ಬೇಕು, ಆದರೆ ಅದೊಂದರಿಂದಲೇ ವಿಮಾನ ಬರುವುದಿಲ್ಲ. ಬೆಳಗಾವಿಗೆ ಬೇಡಿಕೆಯ ಕೊರತೆಯಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳು, ಫೌಂಡ್ರಿಗಳು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನೇ ತಯಾರಿಸುವ ಏಕಸ್ ಸಂಸ್ಥೆಯ ಕೈಗಾರಿಕಾ ವಲಯ, ಇವೆಲ್ಲ ಇಲ್ಲಿಯೇ ಸುತ್ತಮುತ್ತ ಇವೆ. ಇದೇ ಪ್ರಯಾಣಿಕರನ್ನು ಹುಬ್ಬಳ್ಳಿ, ಕೊಲ್ಹಾಪುರ, ದಾಬೋಳಿ, ಮೋಪಾಗಳೂ ಹಂಚಿಕೊಳ್ಳುತ್ತವೆ, ಸಂಕಟವಿರುವುದು ಅಲ್ಲಿ.

2024ರ ಮಾರ್ಚ್ 10ರಂದು ಪ್ರಧಾನಿ ನರೇಂದ್ರ ಮೋದಿ ಅವರು ಹುಬ್ಬಳ್ಳಿ ಮತ್ತು ಕಡಪದ ಜೊತೆಗೆ ಬೆಳಗಾವಿಯ ಹೊಸ ಟರ್ಮಿನಲ್‌ಗೂ ಆನ್‌ಲೈನ್ ಮೂಲಕ ಶಂಕುಸ್ಥಾಪನೆ ಮಾಡಿದರು. ಈಗಿನದಕ್ಕಿಂತ ಹಲವು ಪಟ್ಟು ದೊಡ್ಡ ಕಟ್ಟಡವದು. ಬೇಡವೆಂದು ನಾನು ಹೇಳುವುದಿಲ್ಲ. ಎರಡು ದೊಡ್ಡ ವಿಮಾನಗಳು ಒಟ್ಟಿಗೆ ಬಂದರೆ ಈಗಿನ ಹಾಲ್‌ನಲ್ಲಿ ಕುರ್ಚಿ ಸಾಲುವುದಿಲ್ಲ. ಆದರೆ ಮುಂಜಾನೆ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಮನೆಗೆ ಮರಳುವಂಥ ಎರಡು ಹಾರಾಟಗಳು ವರ್ಷವಿಡೀ ತಪ್ಪದೆ ನಡೆಯುವುದಾದರೆ, ಕುರ್ಚಿಯಿಲ್ಲದೆ ಅರ್ಧ ಗಂಟೆ ನಿಲ್ಲಲು ನಾನು ಸಿದ್ಧನಿದ್ದೇನೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಒಂದು. ಪ್ರಯಾಣಿಕರ ವಿಮಾನ ಇಲ್ಲದ ಹೊತ್ತಿನಲ್ಲಿ ಆಕಾಶದಲ್ಲಿ ಸುತ್ತುವ ಪುಟ್ಟ ತರಬೇತಿ ವಿಮಾನಗಳೇ ಸುತ್ತಲ ಹಳ್ಳಿಗಳ ಮಕ್ಕಳಿಗೆ ಹೆಚ್ಚು ಪರಿಚಿತ.

ಇನ್ನು ಬಳಸುವವರಿಗೆ ನನ್ನ ಸಲಹೆ. ಟಿಕೆಟ್ ಕೊಳ್ಳುವ ಮೊದಲು ಆ ವಾರದ ವೇಳಾಪಟ್ಟಿಯನ್ನೇ ನೋಡಿ, ಕಳೆದ ವರ್ಷದ ಅನುಭವವನ್ನು ನಂಬಬೇಡಿ. ಕೆಲವು ಮಾರ್ಗಗಳು ವಾರದ ಎಲ್ಲ ದಿನ ಇರುವುದಿಲ್ಲ. ಹೊರಡುವ ಸಮಯಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿದರೆ ಧಾರಾಳವಾಯಿತು. ಸಾಂಬ್ರಾದ ಮೇಲೆ ಹಾಯುವ ಸಾರಿಗೆ ಬಸ್ಸುಗಳಿವೆ, ಆದರೆ ಅವು ಹಳ್ಳಿಗರ ಅನುಕೂಲಕ್ಕೆ ಓಡುವಂಥವು, ವಿಮಾನದ ಸಮಯಕ್ಕಲ್ಲ. ಆಟೊ ಅಥವಾ ಟ್ಯಾಕ್ಸಿಯ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗಿಳಿದಿರುವ ದಿನಗಳಲ್ಲಿ, ಬೆಂಗಳೂರಿನಿಂದ ಅದೇ ಸಂಜೆ ವಿದೇಶಕ್ಕೆ ಹೊರಡುವ ವಿಮಾನವಿದ್ದರೆ, ಇಲ್ಲಿಂದ ಹಿಂದಿನ ದಿನವೇ ಹೊರಡಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ರೈಲು ಬೆಳಗಾವಿಯಿಂದ ಬೆಂಗಳೂರಿಗೆ ಹಗಲಲ್ಲಿ ಎಂಟೂವರೆ ತಾಸಿನ ಆಸುಪಾಸಿನಲ್ಲಿ ಮುಟ್ಟಿಸುತ್ತಿದೆ. ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅಂತೂ ಇದ್ದೇ ಇದೆ. ವಿಮಾನ ಹಾರುವುದು ಒಂದು ಗಂಟೆ ಮಾತ್ರ. ಅದಕ್ಕೆ ದೇವನಹಳ್ಳಿಯಿಂದ ಬೆಂಗಳೂರು ನಗರದೊಳಗೆ ಬರುವ ಹೊತ್ತನ್ನೂ ಕೂಡಿಸಿ, ಆಮೇಲೆ ಟಿಕೆಟ್ ದರವನ್ನು ನೋಡಿ ತೀರ್ಮಾನಿಸಿ.