ಕೆಟಲ್, ತವಾ, ಇಡ್ಲಿ ತಟ್ಟೆ: ಬೆಳಗಿನ ಮೊಟ್ಟೆಗೆ ಯಾವುದು ವಾಸಿ?

ಹೇಗೆ ಬೇಯಿಸಿದರೂ ಮೊಟ್ಟೆ ಮೊಟ್ಟೆಯೇ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 70 ಕ್ಯಾಲೊರಿ ಆಸುಪಾಸು. ನೀರಲ್ಲಿ ಬೇಯಿಸಿದರೆ ಜಾಸ್ತಿ, ಆಮ್ಲೆಟ್ ಹಾಕಿದರೆ ಕಡಿಮೆ ಅಂತೇನೂ ಇಲ್ಲ. ವ್ಯತ್ಯಾಸ ಆಗುವುದು ಅದರ ಜೊತೆ ಬಾಣಲೆಗೆ ಇನ್ನೇನು ಬೀಳುತ್ತದೆ ಅನ್ನುವುದರಲ್ಲಿ. ಆಮೇಲೆ, ಎಂಟೂವರೆ ಕ್ಲಾಸಿಗೆ ಓಡುವ ಮುಂಚೆ ಪಾತ್ರೆ ತೊಳೆಯುವವರು ಯಾರು ಅನ್ನುವುದರಲ್ಲಿ. ಹಾಗಾಗಿ ಇಲ್ಲಿ ಪಾತ್ರೆ ತೊಳೆಯುವುದಕ್ಕೂ ಮಾರ್ಕ್ಸ್ ಇದೆ.

ನಮ್ಮದು ಬೆಂಗಳೂರಿನಲ್ಲಿ ಮೂವರ ರೂಮು. ಒಂದು ಇಂಡಕ್ಷನ್ ಒಲೆ, ಒಂದು ಕೆಟಲ್, ಒಂದು ನಾನ್‌ಸ್ಟಿಕ್ ತವಾ, ರೂಮ್‌ಮೇಟ್‌ನ ಅಮ್ಮ ಕಳಿಸಿದ ಸಣ್ಣ ಇಡ್ಲಿ ಪಾತ್ರೆ. ಇಷ್ಟರಲ್ಲೇ ಎಲ್ಲ ಮಾಡಿ ನೋಡಿದ್ದು.

ಕೆಟಲ್ ವಿಧಾನ ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ಮೊಟ್ಟೆ ತೊಳೆದು ಇಟ್ಟು, ಮುಳುಗುವಷ್ಟು ನೀರು ಹಾಕಿ ಸ್ವಿಚ್ ಒತ್ತಿದರೆ ಮುಗಿಯಿತು. ನೀರು ಕುದಿದು ಕೆಟಲ್ ತಾನೇ ಆಫ್ ಆಗುತ್ತದೆ. ಮುಚ್ಚಳ ತೆಗೆಯದೆ ಹಾಗೇ ಬಿಟ್ಟು ಸ್ನಾನಕ್ಕೆ ಹೋಗಿ. ಎಂಟು ನಿಮಿಷಕ್ಕೆ ತೆಗೆದರೆ ಹಳದಿ ಇನ್ನೂ ಮೆತ್ತಗೆ ಇರುತ್ತದೆ, ಹನ್ನೆರಡಕ್ಕೆ ಗಟ್ಟಿ. ಯೂಟ್ಯೂಬ್‌ನಲ್ಲಿ ಹೇಳುವ ನಿಮಿಷಗಳ ಲೆಕ್ಕ ನಮ್ಮಲ್ಲಿ ಪೂರ್ತಿ ಕೂಡಿ ಬರುವುದಿಲ್ಲ, ಯಾಕೆಂದರೆ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ಓದುವವರು ಅರ್ಧ ನಿಮಿಷ ಮುಂಚೆಯೇ ತೆಗೆಯಬಹುದು, ಮಡಿಕೇರಿಯವರು ಇನ್ನೊಂದು ಸ್ವಲ್ಪ ಕಾಯಬೇಕು. ಫ್ರಿಜ್‌ನಿಂದ ನೇರ ತೆಗೆದ ಮೊಟ್ಟೆಗೂ ಒಂದೆರಡು ನಿಮಿಷ ಜಾಸ್ತಿ ಬೇಕು.

ಮರೆತು ಜಾಸ್ತಿ ಬೇಯಿಸಿಬಿಟ್ಟರೆ ಹಳದಿಯ ಸುತ್ತ ಹಸಿರು ಬೂದು ಗೆರೆ ಕಾಣುತ್ತದಲ್ವಾ, ಅದಕ್ಕೆ ಹೆದರಬೇಕಾಗಿಲ್ಲ. ಬಿಳಿ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಆಗುವ ಬಣ್ಣ ಅದು. ತಿನ್ನಬಹುದು, ವಾಸನೆ ಮಾತ್ರ ಕ್ಲಾಸಿನವರೆಗೂ ಬರುತ್ತದೆ. ಇನ್ನು ಸಿಪ್ಪೆಯ ಕಥೆ. ತೀರಾ ತಾಜಾ ಮೊಟ್ಟೆ ಸುಲಿಯುವಾಗ ಅರ್ಧ ಬಿಳಿ ಸಿಪ್ಪೆಯ ಜೊತೆಗೇ ಕಿತ್ತು ಬರುತ್ತದೆ. ವಾರ ಹಳೆಯದಾದರೆ ಸಲೀಸು. ಬೆಂದ ತಕ್ಷಣ ತಣ್ಣೀರಿಗೆ ಹಾಕಿ, ದಪ್ಪ ಕಡೆಯಿಂದ ಒಡೆದು ಸುಲಿಯಿರಿ, ಅಲ್ಲಿ ಗಾಳಿಯ ಜಾಗ ಇರುತ್ತದೆ, ಬೆರಳು ಸುಲಭವಾಗಿ ತೂರುತ್ತದೆ. ಒಂದೇ ತಲೆನೋವು ಅಂದರೆ ಕೆಟಲ್ ಒಳಗೆ ಮೊಟ್ಟೆ ಬಿರುಕು ಬಿಟ್ಟರೆ ಬಿಳಿ ನೊರೆ ತಳಕ್ಕೆ ಹಿಡಿಯುತ್ತದೆ. ಅದೇ ಕೆಟಲ್‌ನಲ್ಲಿ ಚಹಾ ನೀರು ಕಾಯಿಸುವ ರೂಮ್‌ಮೇಟ್ ಇದ್ದರೆ ಜಗಳ ಗ್ಯಾರಂಟಿ.

ಆಮ್ಲೆಟ್ ರುಚಿಯಲ್ಲಿ ಮೇಲು, ಒಪ್ಪುತ್ತೇನೆ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬಿದ್ದ ಆ ವಾಸನೆಗೆ ಪಕ್ಕದ ರೂಮಿನವರೂ ಎದ್ದು ಬರುತ್ತಾರೆ. ಆದರೆ ಎಣ್ಣೆ ನೋಡಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ ಹತ್ತಿರ, ಹೆಚ್ಚುಕಡಿಮೆ ಇನ್ನೊಂದೂವರೆ ಮೊಟ್ಟೆ ತಿಂದಷ್ಟು. ಗಾಡಿಯವರು ಸುರಿಯುವ ಎಣ್ಣೆಯ ಲೆಕ್ಕ ಬೇಡವೇ ಬೇಡ. ನಾನ್‌ಸ್ಟಿಕ್‌ನಲ್ಲಿ ಒಂದು ಟೀ ಚಮಚ ಸಾಕು.

ನನ್ನ ಓಟು ಬುರ್ಜಿಗೆ. ಕಾರಣ ಏನೆಂದರೆ ಮೊಟ್ಟೆಯಲ್ಲಿ ಇಲ್ಲದ್ದನ್ನು ತುಂಬಿಕೊಳ್ಳುವ ಜಾಗ ಇದರಲ್ಲೇ ಇರುವುದು. ಮೊಟ್ಟೆಯಲ್ಲಿ ನಾರಿನಂಶ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. ಆಮ್ಲೆಟ್‌ಗೆ ಜಾಸ್ತಿ ತರಕಾರಿ ಹಾಕಿದರೆ ತಿರುವುವಾಗ ಹರಿಯುತ್ತದೆ, ಬುರ್ಜಿ ಹೇಗೂ ಹರಿದದ್ದೇ ಅಲ್ವಾ! ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಒಂದು ಹಿಡಿ ಮೆಂತ್ಯ ಸೊಪ್ಪು ಬಾಡಿಸಿ, ಚಿಟಿಕೆ ಅರಿಶಿನ, ಖಾರದ ಪುಡಿ, ಆಮೇಲೆ ಎರಡು ಮೊಟ್ಟೆ. ಉರಿ ಕಡಿಮೆ ಇರಲಿ. ಮೊಟ್ಟೆ 60ರಿಂದ 70 ಡಿಗ್ರಿ ಒಳಗೇ ಗಟ್ಟಿಯಾಗಲು ಶುರುವಾಗುತ್ತದೆ, ಇಂಡಕ್ಷನ್ ಫುಲ್ ಇಟ್ಟರೆ ಒಣ ಪುಡಿಯೇ ಗತಿ. ಇನ್ನೂ ಸ್ವಲ್ಪ ಹಸಿಯಾಗಿ ಹೊಳೆಯುತ್ತಿರುವಾಗಲೇ ಒಲೆ ಆರಿಸಿ, ತವಾದ ಬಿಸಿಗೇ ಉಳಿದದ್ದು ಬೇಯುತ್ತದೆ. ನಿಂಬೆ ಹಿಂಡಿ, ರಾತ್ರಿಯ ಚಪಾತಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿ. ಪಾತ್ರೆ ವಿಷಯದಲ್ಲಿ ಮಾತ್ರ ಸೋಲು: ತವಾ, ಚಾಕು, ಮಣೆ, ತುರಿಮಣೆ, ಎಲ್ಲವೂ ಸಿಂಕಿಗೆ.

ಇಡ್ಲಿ ತಟ್ಟೆಯದು ಅನಿರೀಕ್ಷಿತ ಗೆಲುವು. ಗುಳಿಗೆ ಎಣ್ಣೆ ಸವರಿ, ಒಂದೊಂದಕ್ಕೆ ಒಂದು ಮೊಟ್ಟೆ ಒಡೆದು, ಮೇಲೆ ಉಪ್ಪು, ಕಾಳುಮೆಣಸಿನ ಪುಡಿ, ಎರಡು ಎಲೆ ಕರಿಬೇವು ಹಾಕಿ ಏಳೆಂಟು ನಿಮಿಷ ಹಬೆಯಲ್ಲಿ ಬೇಯಿಸಿ. ಸಿಪ್ಪೆ ಸುಲಿಯುವ ಕಾಟವಿಲ್ಲ, ಎಣ್ಣೆ ಹೆಸರಿಗಷ್ಟೇ, ಮೂವರಿಗೂ ಒಟ್ಟಿಗೆ ಆಗುತ್ತದೆ. ಎಣ್ಣೆ ಸವರಲು ಮರೆತವರಿಗೆ ಗುಳಿ ಉಜ್ಜುವುದೇ ವ್ಯಾಯಾಮ.

ಬುಲ್ಸ್ ಐ ಬೇಕಾದರೆ ತವಾಗೆ ಒಂದು ಚಮಚ ನೀರು ಹಾಕಿ ಮುಚ್ಚಳ ಮುಚ್ಚಿ, ಮೇಲೂ ಬೇಯುತ್ತದೆ. ಹಸಿ ಹಳದಿ ಬಾಯಿಗೆ ಚೆನ್ನ, ಆದರೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಯಬೇಕಾದರೆ ಹಳದಿಯೂ ಗಟ್ಟಿಯಾಗಬೇಕು. ಬಿಸಿಲಲ್ಲಿ ಅಂಗಡಿ ಮುಂದೆ ಟ್ರೇಗಟ್ಟಲೆ ಇಟ್ಟಿರುವುದನ್ನು ನೋಡಿದ ಮೇಲೆ ನಾನಂತೂ ಪೂರ್ತಿ ಬೇಯಿಸಿಯೇ ತಿನ್ನುವುದು. ಮೈಕ್ರೋವೇವ್ ಮಗ್ ಮೊಟ್ಟೆ? ಒಂದೂವರೆ ನಿಮಿಷದಲ್ಲಿ ರಬ್ಬರ್. ಮಾಡಲೇಬೇಕೆಂದರೆ ಕಲಸಿ, ಅರ್ಧ ಅರ್ಧ ನಿಮಿಷ ಬಿಟ್ಟು ಬಿಟ್ಟು ಮಾಡಿ. ಸಿಪ್ಪೆ ಸಮೇತ ಮಾತ್ರ ಒಳಗಿಡಬೇಡಿ, ಸಿಡಿಯುತ್ತದೆ.

ಜಿಮ್ ಹುಡುಗರಿಗೆ ಎರಡು ಮಾತು. ಹಸಿ ಮೊಟ್ಟೆ ಕುಡಿದರೆ ಪ್ರೋಟೀನ್ ಜಾಸ್ತಿ ಸಿಗುವುದಿಲ್ಲ, ಬೆಂದದ್ದೇ ದೇಹಕ್ಕೆ ಚೆನ್ನಾಗಿ ಹಿಡಿಯುವುದು. ಮತ್ತೆ ಹಳದಿ ಬಿಸಾಡುತ್ತೀರಲ್ಲ, ಪ್ರೋಟೀನ್‌ನಲ್ಲಿ ಸುಮಾರು ಶೇ 40 ಅಲ್ಲೇ ಇದೆ. ವಿಟಮಿನ್ ಎ, ಡಿ, ಕೋಲೀನ್ ಅನ್ನುವ ಪೋಷಕಾಂಶ ಇರುವುದೂ ಅಲ್ಲೇ. ಡಾಕ್ಟರ್ ಬೇಡ ಅಂದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಸುಮ್ನೆ ದುಡ್ಡು ಕೊಟ್ಟು ತಂದದ್ದನ್ನು ಯಾಕೆ ಚೆಲ್ಲುವುದು?

ಇಂಟರ್ನಲ್ಸ್ ಪರೀಕ್ಷೆಯ ವಾರದಲ್ಲಿ ಕೆಟಲ್‌ನದ್ದೇ ರಾಜ್ಯ. ಫ್ರಿಜ್ ಇದ್ದವರು ಒಂದೇ ಸಲ ಬೇಯಿಸಿ ಸಿಪ್ಪೆ ಸಮೇತ ಇಟ್ಟರೆ ವಾರದವರೆಗೆ ಇರುತ್ತದೆ. ಫ್ರಿಜ್ ಇಲ್ಲದವರು ರಾತ್ರಿ ಬೇಯಿಸಿ ಹೊರಗಿಟ್ಟು ಬೆಳಿಗ್ಗೆ ತಿನ್ನಬೇಡಿ. ಬೆಂದವುಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಆಮ್ಲೆಟ್ ಹಾಕಲು ಹೋದವನು ಬೆಂದ ಮೊಟ್ಟೆಯನ್ನೇ ತವಾದ ಅಂಚಿಗೆ ಕುಟ್ಟುತ್ತಾನೆ.