ಜೂನಿಯರ್ ಮುಗಿಸಿ ನಿಂತುಹೋದವರಿಗೆ ಕದ್ರಿಯ ಭಾನುವಾರದ ಕ್ಲಾಸ್

ಪಿಟೀಲಿನಲ್ಲಿ ನಾನು ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದದ್ದು ಹದಿನೈದನೇ ವಯಸ್ಸಿಗೆ. ಆಮೇಲೆ ಓದು, ಮದುವೆ, ಸುರತ್ಕಲ್‌ನಲ್ಲಿ ಹೊಲಿಗೆ ಅಂಗಡಿ. ಮತ್ತೆ ಪೆಟ್ಟಿಗೆ ತೆರೆಯುವಾಗ ನಲವತ್ತೊಂದು ಆಗಿತ್ತು. ಅದರ ಮುಂದಿನ ಸೀನಿಯರ್ ಪರೀಕ್ಷೆ ಕಟ್ಟಬೇಕು ಅಂತ ಎರಡು ವರ್ಷ ಒಂದು ಕಡೆ ಕಲಿತೆ. ವರ್ಣ ಎಂಬ ಅಭ್ಯಾಸದ ರಚನೆ ಆಯಿತು, ಕೃತಿ ಆಯಿತು, ಇನ್ನೊಂದು ಕೃತಿ ಆಯಿತು. ಪುಸ್ತಕ ಮುಚ್ಚಿದರೆ ಮಾತ್ರ ಕೈ ನಿಂತೇಬಿಡುತ್ತಿತ್ತು. "ಅಮ್ಮಾ, ನಿಂದೇ ಏನಾದ್ರೂ ನುಡ್ಸು" ಅಂತ ಮಗಳು ಒಂದು ದಿನ ಕೇಳಿದಳು. ನನ್ನದು ಅಂತ ಏನೂ ಇರಲಿಲ್ಲ. ಜೂನಿಯರ್ ದಾಟಿದ ತುಂಬ ಜನರಿಗೆ ಈ ಕಷ್ಟ ಉಂಟು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಂಗೀತವನ್ನು ಬೇರೆ ದೇಶಗಳ ಸಂಗೀತದ ಜೊತೆ ಇಟ್ಟು ಕಲಿಸುವ ಈ ಕ್ಲಾಸ್ ಇರುವುದು ಮಂಗಳೂರಿನ ಕದ್ರಿ ಪಾರ್ಕ್ ಹತ್ತಿರ, ಒಂದು ಮನೆಯ ಮಹಡಿಯಲ್ಲಿ. ಹೊರಗೆ ಬೋರ್ಡ್ ಇಲ್ಲ. ನಾನು ಕೆಪಿಟಿ ಸ್ಟಾಪಿನಲ್ಲಿ ಬಸ್ ಇಳಿದು ನಡೆದುಕೊಂಡು ಹೋಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ, ಒಟ್ಟು ಹತ್ತು ವಾರ, ಫೀಸು 4,500 ರೂಪಾಯಿ. ನಮ್ಮ ಬ್ಯಾಚಿನಲ್ಲಿ ಎಂಟು ಜನ ಇದ್ದೆವು. ಹೆಚ್ಚಿನವರು ಪಿಯುಸಿ ಮಕ್ಕಳು, ಜೊತೆಗೆ ಕೊಳಲು ನುಡಿಸುವ ನಿವೃತ್ತ ಬ್ಯಾಂಕ್ ಅಂಕಲ್ ಒಬ್ಬರು.

ಮೊದಲ ದಿನ ಟೀಚರ್ ಎಲ್ಲರಿಗೂ ಮಾಯಾಮಾಳವಗೌಳ ರಾಗದ ಸರಳೆ, ಅಂದರೆ ಸ್ವರಗಳ ಮೊದಲ ಪಾಠ, ನುಡಿಸಲು ಹೇಳಿದರು. ಸರಳೆಗೆ ಇಷ್ಟು ದೂರ ಬಂದೆನಾ ಅಂತ ಬೇಸರವಾಯಿತು. ಅದು ಮುಗಿದ ಮೇಲೆ ಊದ್ ವಾದನದ ಒಂದು ರೆಕಾರ್ಡಿಂಗ್ ಹಾಕಿದರು. ಊದ್ ಅರಬರ ತಂತಿವಾದ್ಯ. ಹೊಟ್ಟೆ ದೊಡ್ಡದು, ಕತ್ತು ಗಿಡ್ಡ, ವೀಣೆಗೆ ಇರುವಂತೆ ಮೆಟ್ಟಿಲು ಇಲ್ಲ. "ಸ್ವರ ಹಿಡಿದು ಬರೆಯಿರಿ" ಅಂದರು. ಬರೆಯುತ್ತಾ ಹೋದರೆ ಅದೇ ರಿ, ಅದೇ ಗ, ಅದೇ ದ. ಅಲ್ಲಿ ಅದರ ಹೆಸರು ಹಿಜಾಜ್ ಕಾರ್. ನಾವು ಚಿಕ್ಕ ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸುವ ಏಳು ಸ್ವರಗಳೇ! ಆದರೆ ನಡೆ ಬೇರೆ. ಮೇಲಿನ ಷಡ್ಜದ, ಅಂದರೆ ಮೇಲಿನ ಸ ಸ್ವರದ, ಹತ್ತಿರ ಶುರುವಾಗಿ, ತಡೆದು ತಡೆದು ಕೆಳಗಿಳಿಯುತ್ತದೆ. ಆ ವಾರ ಮನೆಯಲ್ಲಿ ಅದೇ ಸರಳೆಯನ್ನು ಮೇಲಿನಿಂದ ಕೆಳಗೆ, ಗಮಕ (ಸ್ವರದ ಬಳುಕು) ಇಲ್ಲದೆ, ಒಂದೊಂದು ಸ್ವರದಲ್ಲಿ ನಿಂತು ನುಡಿಸಿದೆ. ಮೂವತ್ತು ವರ್ಷದಿಂದ ಬಲ್ಲ ರಾಗ ಹೊಸದಾಗಿ ಕೇಳಿಸಿತು.

ಹೊಸ ಹಾಡು ಕಲಿಸುವುದು ಇಲ್ಲಿನ ಕ್ರಮವೇ ಅಲ್ಲ. ನಮಗೆ ಬರುವುದನ್ನೇ ಹಿಡಿದುಕೊಂಡು ಬೇರೆ ದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಮೋಹನ ರಾಗದ ಐದು ಸ್ವರಗಳಿಂದ ಚೀನಾದ ಹಾಡಿಗೆ, ಅಲ್ಲಿಂದ ವಾಪಸ್ ನಮ್ಮ ಯಕ್ಷಗಾನದ ಮೋಹನಕ್ಕೆ. ಬಾಲಿ ದ್ವೀಪದ ಗಮೆಲಾನ್ ಎಂಬ ಲೋಹವಾದ್ಯಗಳ ಮೇಳದಲ್ಲಿ ಜೋಡಿ ವಾದ್ಯಗಳ ಶ್ರುತಿಯನ್ನು ಬೇಕೆಂದೇ ಚೂರು ಹೆಚ್ಚು ಕಡಿಮೆ ಇಡುತ್ತಾರಂತೆ. ಎರಡನ್ನೂ ಒಟ್ಟಿಗೆ ಬಾರಿಸಿದಾಗ ನಾದ ನಡುಗಬೇಕು, ಅದೇ ಅವರಿಗೆ ಚಂದ. ಶ್ರುತಿ ಸೇರಿಸಲಿಕ್ಕೇ ಅರ್ಧ ಗಂಟೆ ಒದ್ದಾಡುವ ನಾನು ಇದನ್ನು ಕೇಳಿ ಬೆರಗಾದೆ.

"ಇದರಿಂದ ನಮ್ಮ ಸಂಪ್ರದಾಯ ಕೆಡುವುದಿಲ್ವಾ?" ಅಂತ ಬ್ಯಾಂಕ್ ಅಂಕಲ್ ಕೇಳಿದರು. ಟೀಚರ್ ನನ್ನ ಪಿಟೀಲು ತೋರಿಸಿದರು. ಅದೂ ಯುರೋಪಿನದೇ. ನಮ್ಮ ಸಂಗೀತಕ್ಕೆ ಅದನ್ನು ತಂದ ಬಾಲುಸ್ವಾಮಿ ದೀಕ್ಷಿತರು ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಸ್ಯಾಕ್ಸೋಫೋನ್ 1846ರಲ್ಲಿ ಬೆಲ್ಜಿಯಂನವರೊಬ್ಬರು ಪೇಟೆಂಟ್ ಮಾಡಿಸಿದ ವಾದ್ಯ. ನಾಗಸ್ವರ ನುಡಿಸುವ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದರು. ವರ್ಷಗಟ್ಟಲೆ ಸಾಧನೆ ಮಾಡಿ ಅದರಲ್ಲಿ ಗಮಕ ತಂದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಇವತ್ತು ನಮ್ಮ ಕಡೆ ಮದುವೆಗೂ ದೇವಸ್ಥಾನಕ್ಕೂ ಸ್ಯಾಕ್ಸೋಫೋನ್ ಬೇಕೇ ಬೇಕು, ಅಲ್ವಾ? ಅಂಕಲ್ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಕೊರತೆಗಳೂ ಇವೆ. ಆಫ್ರಿಕಾಕ್ಕೆ ಕೊಟ್ಟದ್ದು ಒಂದೇ ವಾರ. ಜಿಂಬಾಬ್ವೆಯ ಎಂಬಿರಾ ವಾದ್ಯವನ್ನು ಮೊಬೈಲ್ ವಿಡಿಯೋದಲ್ಲಿ ತೋರಿಸಿ ಮುಗಿಸಿದರು. ಹೆಬ್ಬೆರಳಿನಿಂದ ಮೀಟುವ ಆ ಕಬ್ಬಿಣದ ಪಟ್ಟಿಗಳನ್ನು ಒಂದು ಸಲ ಮುಟ್ಟಿ ನೋಡುವ ಆಸೆ ಹಾಗೇ ಉಳಿಯಿತು. ಎಂಟು ಜನರಿಗೆ ಆ ಕೋಣೆ ಚಿಕ್ಕದು, ಪಿಟೀಲಿನ ಕಮಾನು ಪಕ್ಕದವರಿಗೆ ತಾಗುತ್ತದೆ. ಒಂದು ಭಾನುವಾರ ತಪ್ಪಿದರೆ ಆ ಪಾಠ ಹೋಯಿತು, ಪುನಃ ಹೇಳಿಕೊಡುವುದಿಲ್ಲ. ದುಡಿಯುವವರಿಗೆ ಇದು ಕಷ್ಟ.

ಆರನೇ ವಾರದ ಮನೆಕೆಲಸಕ್ಕೇ ಕೊಟ್ಟ ದುಡ್ಡು ಸಾರ್ಥಕ ಆಯಿತು. "ನಿಮ್ಮ ಮನೆಯಲ್ಲೇ ಇರುವ ಒಂದು ಹಾಡನ್ನು ಸ್ವರ ಹಾಕಿ ತನ್ನಿ. ಯಾರೂ ಪುಸ್ತಕದಲ್ಲಿ ಬರೆಯದ ಹಾಡು ಆಗಬೇಕು." ನಾನು ಅತ್ತೆಯನ್ನು ಕೇಳಿದೆ. ಅವರು ಚಿಕ್ಕಂದಿನಲ್ಲಿ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ತುಳುವಿನ "ಓ ಬೇಲೆ" ಹಾಡಿದವರು. ಮೊದಲು ನಾಚಿದರು. ಆಮೇಲೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಶುರು ಮಾಡಿದರು, ನಾನು ಮೊಬೈಲ್‌ನಲ್ಲಿ ಹಿಡಿದುಕೊಂಡೆ.

ಇಡೀ ಹಾಡಿಗೆ ನಾಲ್ಕೇ ಸ್ವರ. ಮೂರು ಸುಲಭವಾಗಿ ಸಿಕ್ಕಿದವು. ಗಾಂಧಾರ, ಅಂದರೆ ಗ, ಮಾತ್ರ ಕೂರುವುದಿಲ್ಲ. ಕೆಳಗಿನ ಗ ಆದ ಸಾಧಾರಣ ಗಾಂಧಾರ ಇಟ್ಟರೆ ತಗ್ಗು, ಅದರ ಮೇಲಿನ ಅಂತರ ಗಾಂಧಾರ ಇಟ್ಟರೆ ಜಾಸ್ತಿ. ಅತ್ತೆಯ ಶ್ರುತಿ ತಪ್ಪಿರಬೇಕು ಅಂದುಕೊಂಡೆ. ಆದರೆ ಪ್ರತಿ ಸಾಲಿನಲ್ಲೂ ಅವರು ಸರಿಯಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಆಗ ಮೂರನೇ ವಾರದ ಪಾಠ ನೆನಪಾಯಿತು. ಅರಬರ ರಾಸ್ತ್ ಎಂಬ ಮಕಾಮ್‌ನಲ್ಲಿ (ನಮ್ಮ ರಾಗದ ಹಾಗೆ) ಗಾಂಧಾರ ಇರುವುದು ಈ ಎರಡರ ನಡುವೆಯೇ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆ ಇಲ್ಲ. ಪಿಟೀಲಿನಲ್ಲಿ ಉಂಟು. ಅಂತರ ಗಾಂಧಾರದಿಂದ ಬೆರಳನ್ನು ಒಂದು ಅಕ್ಕಿಕಾಳಿನಷ್ಟು ಹಿಂದೆ ಸರಿಸಿದೆ. ಸಿಕ್ಕಿತು! ಪರೀಕ್ಷೆಯಲ್ಲಾದರೆ ಇದನ್ನು ಅಪಸ್ವರ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಅದನ್ನು ತಿದ್ದಿ ಬರೆಯುವವಳಿದ್ದೆ.

ನುಡಿಸಿದ್ದನ್ನು ಅತ್ತೆ ಕೇಳಿದರು. "ಅಷ್ಟು ಬೇಗ ಬೇಡ. ಬಗ್ಗಿ ನೆಡುವವರಿಗೆ ಉಸಿರು ಬೇಕಲ್ವಾ?" ಅಂದರು. ಈಗ ದಿನಾ ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಹತ್ತು ನಿಮಿಷ ಅದನ್ನೇ ಬೆಳೆಸುತ್ತೇನೆ, ಪುಸ್ತಕ ಇಲ್ಲದೆ.

ಮುಂದಿನ ಬ್ಯಾಚ್ ದಸರಾ ಕಳೆದ ಮೇಲೆ. ಸೀನಿಯರ್ ಪರೀಕ್ಷೆ ಹತ್ತಿರ ಇರುವವರು ಈಗ ಸೇರಬೇಡಿ, ಎರಡೂ ಒಟ್ಟಿಗೆ ಆಗುವುದಿಲ್ಲ. ಕಡಿಮೆಯೆಂದರೆ ಎರಡು ವರ್ಣ ಕೈಯಲ್ಲಿ ಇರಬೇಕು. ವಾದ್ಯ ನಿಮ್ಮದೇ ತನ್ನಿ, ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಿ. ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಅವರನ್ನು ಈಗಲೇ ಒಪ್ಪಿಸಿಡಿ, ಆರನೇ ವಾರಕ್ಕೆ ಬೇಕಾಗುತ್ತದೆ.